ಗಾಳಿಯಲ್ಲಿ ಎಷ್ಟು ಹೊತ್ತು? ಜಿಗಿತದ ಲೆಕ್ಕ ಮತ್ತು ‘ರಕ್ತದಲ್ಲೇ ಇದೆ’ ಅನ್ನೋ ಕಟ್ಟುಕತೆ

ಕೋಲು ಹಿಡಿಯದೆ, ಸ್ಪ್ರಿಂಗ್ ಹಲಗೆ ಇಲ್ಲದೆ, ಬರೀ ಕಾಲಿನ ಬಲದಿಂದ ನೆಲ ಬಿಟ್ಟ ಮನುಷ್ಯ ಎಷ್ಟು ಹೊತ್ತು ಗಾಳಿಯಲ್ಲಿ ಇರಬಲ್ಲ? ಹೆಚ್ಚೆಂದರೆ ಒಂದು ಸೆಕೆಂಡಿನ ಆಸುಪಾಸು. ನಂಬೋಕೆ ಕಷ್ಟ. ಬಾಸ್ಕೆಟ್‌ಬಾಲ್ ವಿಡಿಯೋ ನೋಡಿದವರಿಗೆ, ಮೇಲೆ ಹೋದ ಆಟಗಾರ ಅಲ್ಲೇ ಒಂದು ಗಳಿಗೆ ನಿಂತು, ಯೋಚನೆ ಮಾಡಿ, ಆಮೇಲೆ ಚೆಂಡು ಹಾಕಿದ ಹಾಗೆ ಅನಿಸುತ್ತೆ. ಇಂಗ್ಲಿಷ್ ಕಾಮೆಂಟ್ರಿಯಲ್ಲಿ ಇದಕ್ಕೆ ‘ಹ್ಯಾಂಗ್ ಟೈಮ್’ ಅಂತಾರೆ. ತೂಗುಹಾಕಿದ ಹಾಗೆ ನಿಲ್ಲುವ ಹೊತ್ತು ಅನ್ನಬಹುದು.

ನಾನು ಈ ಬರಹಕ್ಕೆ ಕೂತಿದ್ದು ಕ್ರೀಡೆಯ ರೋಚಕತೆಗಾಗಿ ಅಲ್ಲ. ಯಾರು ಎಷ್ಟು ಹೊತ್ತು ಗಾಳಿಯಲ್ಲಿ ಇರ್ತಾರೆ ಅನ್ನೋ ಸರಳ ಪ್ರಶ್ನೆಯ ಸುತ್ತ ಜಗತ್ತಿನಲ್ಲಿ ಒಂದು ದೊಡ್ಡ ಜನಾಂಗೀಯ ಕತೆ ಕಟ್ಟಲಾಗಿದೆ. ಆ ಕತೆಯನ್ನು ನಂಬಿ ನಮ್ಮ ಸರ್ಕಾರವೇ ಒಮ್ಮೆ ಉತ್ತರ ಕನ್ನಡದ ಕಾಡಿನೊಳಗೆ ಮಕ್ಕಳನ್ನು ಹುಡುಕಿಕೊಂಡು ಹೋಗಿತ್ತು. ಅಲ್ಲಿಗೆ ಹೋಗುವ ಮೊದಲು ಲೆಕ್ಕ ಮುಗಿಸಿಬಿಡೋಣ. ಪಿಯುಸಿಯಲ್ಲಿ ಸೈನ್ಸ್ ತಗೊಂಡಿರದಿದ್ದರೂ ಪರವಾಗಿಲ್ಲ.

ನೆಲ ಬಿಟ್ಟ ಮೇಲೆ ಕೈಯಲ್ಲಿ ಏನೂ ಇಲ್ಲ

ಪಾದ ನೆಲದಿಂದ ಬೇರೆಯಾದ ಕ್ಷಣದಿಂದ ದೇಹದ ಮೇಲೆ ಲೆಕ್ಕಕ್ಕೆ ಬರುವಂಥ ಬಲ ಒಂದೇ, ಗುರುತ್ವ. ಗಾಳಿಯ ತಡೆ ಇದೆ, ಆದರೆ ಅದು ಸಣ್ಣದು, ಆಮೇಲೆ ನೋಡೋಣ. ಗುರುತ್ವ ಪ್ರತಿ ಸೆಕೆಂಡಿಗೆ ಮೇಲ್ಮುಖ ವೇಗದಲ್ಲಿ ಸುಮಾರು 9.8 ಮೀಟರಿನಷ್ಟನ್ನು ಕಿತ್ತುಕೊಳ್ಳುತ್ತೆ. ತೂಕ ಎಷ್ಟು, ಚರ್ಮದ ಬಣ್ಣ ಯಾವುದು, ಎಷ್ಟು ದುಡ್ಡಿನ ಶೂ ಹಾಕಿದ್ದೀರಿ ಅಂತ ಅದು ಕೇಳೋದಿಲ್ಲ. ಹಾಗಾಗಿ ಗಾಳಿಯಲ್ಲಿ ಇರುವ ಹೊತ್ತು ನಿರ್ಧಾರ ಆಗೋದು ಎರಡೇ ಸಂಗತಿಗಳಿಂದ. ನೆಲ ಬಿಡುವಾಗ ಮೇಲ್ಮುಖ ವೇಗ ಎಷ್ಟಿತ್ತು ಅನ್ನೋದು ಒಂದು. ನೆಲ ಬಿಡುವಾಗ ಮತ್ತು ಇಳಿಯುವಾಗ ದೇಹದ ಗುರುತ್ವ ಕೇಂದ್ರ ಎಷ್ಟು ಎತ್ತರದಲ್ಲಿತ್ತು ಅನ್ನೋದು ಇನ್ನೊಂದು. ಗುರುತ್ವ ಕೇಂದ್ರ ಅಂದರೆ ಇಡೀ ಮೈಯ ಭಾರ ಒಂದೇ ಕಡೆ ಇದೆ ಅಂತ ಅಂದುಕೊಳ್ಳಬಹುದಾದ ಬಿಂದು. ನೇರವಾಗಿ ನಿಂತಾಗ ಅದು ಹೊಕ್ಕುಳಿನ ಹತ್ತಿರ ಇರುತ್ತೆ.

ನಿಂತಲ್ಲೇ ಹಾರಿ ಅದೇ ಭಂಗಿಯಲ್ಲಿ ಇಳಿದರೆ ಲೆಕ್ಕ ಇನ್ನೂ ಸುಲಭ. 30 ಸೆಂಟಿಮೀಟರ್ ಹಾರಿದರೆ ಗಾಳಿಯಲ್ಲಿ ಸುಮಾರು 0.49 ಸೆಕೆಂಡ್. 50 ಸೆಂಟಿಮೀಟರಿಗೆ 0.64. ಒಂದು ಮೀಟರ್ ಹಾರಿದರೆ (ಅದು ಅಸಾಮಾನ್ಯ ಜಿಗಿತ) 0.90. ಪೂರ್ತಿ ಒಂದು ಸೆಕೆಂಡ್ ಬೇಕು ಅಂದರೆ ಸುಮಾರು 1.23 ಮೀಟರ್ ಏರಬೇಕು. ಹೊತ್ತು ಎರಡು ಪಟ್ಟು ಆಗಬೇಕಾದರೆ ಎತ್ತರ ನಾಲ್ಕು ಪಟ್ಟು ಆಗಬೇಕು. ಹಾಗಾಗಿ ಯಾರಾದರೂ ‘ಅವನು ಎರಡು ಸೆಕೆಂಡ್ ಮೇಲೇ ಇದ್ದ ಗುರು’ ಅಂದರೆ, ಅವನು 4.9 ಮೀಟರ್ ಹಾರಿದ್ದ ಅಂದ ಹಾಗಾಯ್ತು. ಅಂದರೆ ಒಂದು ಮಹಡಿ ದಾಟಿ ಎರಡನೇ ಮಹಡಿಯ ಕಿಟಕಿಯವರೆಗೆ! ಜೋರ್ಡನ್‌ನ ಜಿಗಿತ 48 ಇಂಚು ಅಂತ ಹೇಳುವವರಿದ್ದಾರೆ. ಅದನ್ನು ಹಾಗೇ ಒಪ್ಪಿಕೊಂಡರೂ ಉತ್ತರ ಒಂದು ಸೆಕೆಂಡಿಗೆ ಬಂದು ನಿಲ್ಲುತ್ತೆ, ದಾಟೋದಿಲ್ಲ.

ಹಾಗಿದ್ರೆ ನಿಂತ ಹಾಗೆ ಕಾಣೋದು ಸುಳ್ಳಾ? ಪೂರ್ತಿ ಸುಳ್ಳಲ್ಲ. ಮೇಲೆ ಹೋಗ್ತಾ ಹೋಗ್ತಾ ವೇಗ ಕಮ್ಮಿಯಾಗುತ್ತೆ, ತುದಿಯಲ್ಲಿ ಸೊನ್ನೆಯಾಗುತ್ತೆ, ಮತ್ತೆ ನಿಧಾನವಾಗಿ ಶುರುವಾಗುತ್ತೆ. ಇದರಿಂದಾಗಿ ಒಟ್ಟು ಹೊತ್ತಿನಲ್ಲಿ ಸರಿಯಾಗಿ ಅರ್ಧ ಭಾಗ ಕಳೆಯೋದು ಎತ್ತರದ ಮೇಲಿನ ಕಾಲುಭಾಗದಲ್ಲೇ. ಮೇಲಿನ ಅರ್ಧ ಎತ್ತರ ತಗೊಂಡರೆ ನೂರಕ್ಕೆ 71 ಭಾಗ ಹೊತ್ತು ಅಲ್ಲೇ. ಮೇಲೆ ಎಸೆದ ಕಲ್ಲಿಗೂ ಇದೇ ಲೆಕ್ಕ, ಆದರೆ ಕಲ್ಲನ್ನು ಯಾರೂ ಅಷ್ಟು ಪ್ರೀತಿಯಿಂದ ನೋಡೋದಿಲ್ಲ.

ಇದರ ಮೇಲೆ ಆಟಗಾರರು, ನರ್ತಕರು ತಮ್ಮದೊಂದು ಕೈಚಳಕ ಸೇರಿಸ್ತಾರೆ. ಗುರುತ್ವ ಕೇಂದ್ರ ತನ್ನ ಪರವಲಯದ ದಾರಿಯಲ್ಲಿ ಹೋಗಲೇಬೇಕು, ಅದನ್ನು ಯಾರೂ ಬಗ್ಗಿಸೋಕಾಗಲ್ಲ. ಆದರೆ ಮೈಯೊಳಗೆ ಆ ಬಿಂದು ಎಲ್ಲಿರಬೇಕು ಅನ್ನೋದನ್ನು ಬದಲಿಸಬಹುದು. ಬ್ಯಾಲೆಯಲ್ಲಿ ನರ್ತಕಿ ಓಡಿಬಂದು ಹಾರಿ, ತುದಿಯ ಹತ್ತಿರ ಎರಡೂ ಕಾಲುಗಳನ್ನು ಅಡ್ಡಕ್ಕೆ ಚಾಚಿ ಕೈ ಎತ್ತುತ್ತಾಳೆ. ಕೈಕಾಲು ಮೇಲೆ ಬಂದವು ಅಂದರೆ ಗುರುತ್ವ ಕೇಂದ್ರ ತಲೆಯ ಕಡೆ ಸರಿಯಿತು ಅಂತ. ಆ ಬಿಂದು ಏರಿ ಇಳಿಯುವ ಹೊತ್ತಿನಲ್ಲಿ ತಲೆ ಮತ್ತು ಎದೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸಾಗುತ್ತೆ. ನಮ್ಮ ಕಣ್ಣು ನೋಡೋದು ತಲೆಯನ್ನು, ಹಾಗಾಗಿ ತೇಲಿದ ಹಾಗೆ ಕಾಣುತ್ತೆ. ಬಾಸ್ಕೆಟ್‌ಬಾಲ್‌ನಲ್ಲಿ ಮೊಣಕಾಲು ಮಡಚಿಕೊಂಡು, ಚೆಂಡನ್ನು ಕೆಳಗಿಳಿಯುವಾಗ ಬಿಡೋದೂ ಇದೇ ಜಾತಿಯ ಉಪಾಯ.

ಗುರುತ್ವವೇ ಕಮ್ಮಿಯಿದ್ದರೆ ಕತೆ ಬೇರೆ. 1972ರಲ್ಲಿ ಅಪೊಲೊ 16ರ ಜಾನ್ ಯಂಗ್ ಚಂದ್ರನ ಮೇಲೆ ಧ್ವಜಕ್ಕೆ ಸೆಲ್ಯೂಟ್ ಹೊಡೆಯುತ್ತಾ ಹಾರಿದ. ಭಾರೀ ಉಡುಪು ಹೊತ್ತು ಏರಿದ್ದು ಸುಮಾರು 42 ಸೆಂಟಿಮೀಟರ್. ಭೂಮಿಯಲ್ಲಾದರೆ ಅಷ್ಟಕ್ಕೆ 0.59 ಸೆಕೆಂಡ್. ಅಲ್ಲಿ ಹತ್ತಿರ ಹತ್ತಿರ ಒಂದೂವರೆ ಸೆಕೆಂಡ್.

8.90

ಈಗ ನಿಜವಾದ ಒಂದು ಜಿಗಿತಕ್ಕೆ ಬರೋಣ. 1968ರ ಅಕ್ಟೋಬರ್ 18, ಮೆಕ್ಸಿಕೋ ಸಿಟಿ ಒಲಿಂಪಿಕ್ಸ್. ಅಮೆರಿಕದ ಕಪ್ಪು ಯುವಕ ಬಾಬ್ ಬೀಮನ್ ಉದ್ದ ಜಿಗಿತದ ಫೈನಲ್‌ನ ಮೊದಲ ಪ್ರಯತ್ನದಲ್ಲೇ 8.90 ಮೀಟರ್ ಹಾರಿದ. ಅಲ್ಲಿಯವರೆಗಿನ ವಿಶ್ವದಾಖಲೆ 8.35. ಸೆಂಟಿಮೀಟರುಗಳಲ್ಲಿ ಮುಂದೆ ಸರಿಯಬೇಕಾದ ದಾಖಲೆ ಒಂದೇ ಸಲಕ್ಕೆ 55 ಸೆಂಟಿಮೀಟರ್ ಸರಿಯಿತು. ದೂರ ಅಳೆಯೋಕೆ ಇಟ್ಟಿದ್ದ ದೃಗ್ಯಂತ್ರ ಅಷ್ಟು ದೂರಕ್ಕೆ ಹೋಗಲೇ ಇಲ್ಲ. ಕೊನೆಗೆ ಟೇಪು ತಂದು ಅಳೆದರು. ಮೀಟರ್ ಲೆಕ್ಕ ಗೊತ್ತಿಲ್ಲದ ಬೀಮನ್‌ಗೆ, 29 ಅಡಿ ದಾಟಿದ್ದೀಯ ಅಂತ ವಿವರಿಸಿದ್ದು ಹಳೆಯ ದಾಖಲೆಯ ಪಾಲುದಾರ ರಾಲ್ಫ್ ಬಾಸ್ಟನ್. ಅದು ಅರ್ಥವಾದದ್ದೇ ಬೀಮನ್ ಕಾಲಿನ ಬಲ ಕಳಕೊಂಡು ನೆಲಕ್ಕೆ ಕುಸಿದ.

ಅವನು ಎಷ್ಟು ಹೊತ್ತು ಗಾಳಿಯಲ್ಲಿದ್ದ? ಇಂಥ ಜಿಗಿತದ ಒಂದು ಮಾದರಿ ಲೆಕ್ಕ ನಾನೇ ಹಾಕಿದೆ. ನೆಲ ಬಿಡುವಾಗ ಮೇಲ್ಮುಖ ವೇಗ ಸೆಕೆಂಡಿಗೆ 3.7 ಮೀಟರ್, ಮುಂದಕ್ಕೆ 8.9 ಮೀಟರ್ ಅಂತಿಟ್ಟುಕೊಳ್ಳಿ. ಮೇಲೇರೋಕೆ 0.38 ಸೆಕೆಂಡ್, ಏರುವ ಎತ್ತರ 70 ಸೆಂಟಿಮೀಟರ್. ಇಳಿಯುವಾಗ ಮೈ ಮಡಚಿ ಕೂತ ಭಂಗಿಯಲ್ಲಿ ಇರೋದರಿಂದ ಗುರುತ್ವ ಕೇಂದ್ರ ಹೊರಟ ಮಟ್ಟಕ್ಕಿಂತ ಇನ್ನೊಂದು 60 ಸೆಂಟಿಮೀಟರ್ ಕೆಳಗೆ ಹೋಗಬೇಕು, ಅದಕ್ಕೆ 0.51 ಸೆಕೆಂಡ್. ಒಟ್ಟು 0.89. ಅಷ್ಟರಲ್ಲಿ ಮುಂದಕ್ಕೆ ಸುಮಾರು 8 ಮೀಟರ್. ಹಲಗೆ ಬಿಡುವಾಗ ಮೈ ಪಾದಕ್ಕಿಂತ ಮುಂದಿರುತ್ತೆ, ಇಳಿಯುವಾಗ ಪಾದ ಮೈಗಿಂತ ಮುಂದಿರುತ್ತೆ. ಉಳಿದ ಒಂದು ಮೀಟರ್ ಚಿಲ್ಲರೆ ಹಣದ ಹಾಗೆ ಅಲ್ಲಿ ಸೇರಿಕೊಳ್ಳುತ್ತೆ. ಅಂದರೆ ಕ್ರೀಡಾ ಇತಿಹಾಸದ ಆ ಮಹಾ ಹಾರಾಟ ಮುಗಿದದ್ದು ಒಂದು ಸೆಕೆಂಡಿನೊಳಗೆ.

ಪಠ್ಯಪುಸ್ತಕದಲ್ಲಿ 45 ಡಿಗ್ರಿಯಲ್ಲಿ ಎಸೆದರೆ ಅತಿ ದೂರ ಅಂತ ಓದಿರ್ತೀರಿ. ಆದರೆ ಉದ್ದ ಜಿಗಿತದವರು ನೆಲ ಬಿಡೋದು 20ರಿಂದ 23 ಡಿಗ್ರಿಯಲ್ಲಿ. ಏಕೆ ಗೊತ್ತಾ? ಪೂರ್ತಿ ವೇಗದಲ್ಲಿ ಓಡಿಬಂದವನ ಕಾಲು ಹಲಗೆಗೆ ತಾಗಿರೋದು ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರೊಳಗೆ ಮುಂದಕ್ಕೆ ಹೋಗುತ್ತಿರುವ ದೇಹಕ್ಕೆ ಮೇಲ್ಮುಖ ವೇಗ ಕೊಡಬೇಕು. 75 ಕೆಜಿ ಆಳಿಗೆ 3.7 ಮೀಟರ್ ವೇಗ ಬರಬೇಕಾದರೆ, ಆ ಒಂಟಿ ಕಾಲಿನ ಮೇಲೆ ಸರಾಸರಿ ತನ್ನ ತೂಕದ ನಾಲ್ಕು ಪಟ್ಟು ಬಲ ಬೀಳುತ್ತೆ. ಗರಿಷ್ಠ ಇನ್ನೂ ಜಾಸ್ತಿ. 45 ಡಿಗ್ರಿ ಬೇಕು ಅಂದರೆ ಓಟವನ್ನೇ ನಿಧಾನ ಮಾಡಬೇಕು, ಆಗ ದೂರ ಕೈಬಿಟ್ಟು ಹೋಗುತ್ತೆ. ಗಾಳಿಯಲ್ಲಿ ಸೈಕಲ್ ತುಳಿದ ಹಾಗೆ ಕಾಲಾಡಿಸೋದು, ಬೆನ್ನು ಬಿಲ್ಲಿನ ಹಾಗೆ ಬಾಗಿಸೋದು ಹೊತ್ತನ್ನು ಹೆಚ್ಚಿಸೋದಿಲ್ಲ. ಮೈ ಮುಂದಕ್ಕೆ ಮುಗ್ಗರಿಸಿ ತಿರುಗದಂತೆ ತಡೆದು, ಪಾದ ಮುಂದೆ ಚಾಚಿ ಇಳಿಯೋಕೆ ಅದು ಬೇಕು, ಅಷ್ಟೇ.

ತೆಳು ಗಾಳಿಯ ವಾದ

ಬೀಮನ್ ದಾಖಲೆ ಬಂದ ದಿನದಿಂದ ಒಂದು ಅಪಸ್ವರ ಇದ್ದೇ ಇತ್ತು. ‘ಮೆಕ್ಸಿಕೋ ಸಿಟಿ ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಗುರುತ್ವ ಕಮ್ಮಿ, ಬೆನ್ನ ಹಿಂದೆ ಗಾಳಿ ಬೇರೆ.’ ಮೂರೂ ನಿಜ. ಹಿಂಗಾಳಿ ಸೆಕೆಂಡಿಗೆ ಸರಿಯಾಗಿ 2.0 ಮೀಟರ್ ಅಂತ ದಾಖಲಾಗಿದೆ, ಅದು ನಿಯಮ ಒಪ್ಪುವ ಕೊನೆಯ ಗಡಿ.

ಒಂದೊಂದನ್ನೇ ತೂಗಿ ನೋಡೋಣ. ಗುರುತ್ವ ಅಲ್ಲಿ 9.78, ಟೋಕಿಯೋದಲ್ಲಿ 9.80. ನಮ್ಮ ಬೆಂಗಳೂರಿನಲ್ಲೂ 9.78ರ ಹತ್ತಿರವೇ ಇದೆ, ಅದಕ್ಕಾಗಿ ನಮಗ್ಯಾರೂ ಪದಕ ಕೊಟ್ಟಿಲ್ಲ. ಈ ವ್ಯತ್ಯಾಸದಿಂದ ಸಿಗೋದು ಎರಡು ಸೆಂಟಿಮೀಟರಿನೊಳಗೆ. ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಐದನೇ ಒಂದು ಭಾಗದಷ್ಟು ಕಮ್ಮಿ. ಹಾರುವಾಗ ಗಾಳಿಯ ತಡೆ ಕಿತ್ತುಕೊಳ್ಳೋದೇ ಸುಮಾರು 12 ಸೆಂಟಿಮೀಟರ್ ಅಂತ ನನ್ನ ಅಂದಾಜು, ಅದರಲ್ಲಿ ಎರಡು ಮೂರು ಉಳಿಯಿತು. ಹಿಂಗಾಳಿಯಿಂದ ಇನ್ನೊಂದು ನಾಲ್ಕು. ಹಾರುವ ಮೊದಲಿನ ಓಟಕ್ಕೆ ಈ ಎರಡರಿಂದಲೂ ಹೆಚ್ಚು ಲಾಭ ಇದೆ. ವೇಗ ನೂರಕ್ಕೆ ಒಂದರಷ್ಟು ಹೆಚ್ಚಿದರೆ ದೂರ ಎಂಟೊಂಬತ್ತು ಸೆಂಟಿಮೀಟರ್ ಹೆಚ್ಚುತ್ತೆ. ಎಲ್ಲವನ್ನೂ ಉದಾರವಾಗಿ ಕೂಡಿಸಿದರೂ 20 ಸೆಂಟಿಮೀಟರಿನ ಸುತ್ತಮುತ್ತ ಬಂದು ನಿಲ್ಲುತ್ತೆ. 55 ಆಗೋದಿಲ್ಲ.

ಇನ್ನೂ ಸರಳವಾದ ಉತ್ತರ ಇದೆ. ಅದೇ ದಿನ, ಅದೇ ತೆಳುಗಾಳಿಯಲ್ಲಿ, ದಾಖಲೆ ಹಂಚಿಕೊಂಡಿದ್ದ ಬಾಸ್ಟನ್ ಮತ್ತು ಸೋವಿಯತ್‌ನ ಇಗೋರ್ ತೆರ್-ಒವನೇಸ್ಯಾನ್ ಇಬ್ಬರೂ ಹಾರಿದ್ದರು. ಎರಡನೇ ಸ್ಥಾನ ಪಡೆದ ಪೂರ್ವ ಜರ್ಮನಿಯ ಕ್ಲಾಸ್ ಬೇರ್ ದೂರ 8.19. ಕೊನೆಗೆ 1991ರ ಆಗಸ್ಟ್ 30ರಂದು ಮೈಕ್ ಪೊವೆಲ್ ಟೋಕಿಯೋದಲ್ಲಿ, ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿ, 0.3 ಮೀಟರಿನ ಮಂದಗಾಳಿಯಲ್ಲಿ 8.95 ಹಾರಿದ. ಇವತ್ತಿಗೂ ಅದೇ ವಿಶ್ವದಾಖಲೆ. ಅಂದಹಾಗೆ 1995ರಲ್ಲಿ ಇಟಲಿಯ ಸೆಸ್ತ್ರಿಯೇರೆ ಬೆಟ್ಟದೂರಿನಲ್ಲಿ ಕ್ಯೂಬಾದ ಇವಾನ್ ಪೆದ್ರೋಸೊ 8.96 ಹಾರಿದ್ದ. ಆದರೆ ಗಾಳಿ ಅಳೆಯುವ ಉಪಕರಣದ ಮುಂದೆ ಒಬ್ಬರು ನಿಂತಿದ್ದು ಗೊತ್ತಾಗಿ ಆ ದೂರ ದಾಖಲೆ ಆಗಲಿಲ್ಲ. ಭೌತಶಾಸ್ತ್ರ ಪಕ್ಷಪಾತ ಮಾಡದೇ ಇರಬಹುದು, ಅಳೆಯುವ ಕಡೆ ಮನುಷ್ಯರೇ ಇರ್ತಾರಲ್ಲ.

ಬೀಮನ್‌ನ ಸುತ್ತಲಿನ ರಾಜಕೀಯ ಬಿಟ್ಟು ಬರೀ ಗಾಳಿಯ ಬಗ್ಗೆ ಮಾತಾಡೋದು ನನಗೆ ಸರಿ ಕಾಣಲ್ಲ. ಆ ಒಲಿಂಪಿಕ್ಸ್ ಶುರುವಾಗುವ ಹತ್ತು ದಿನ ಮೊದಲು, ಅದೇ ಊರಿನ ತ್ಲಾತೆಲೋಲ್ಕೋದಲ್ಲಿ ಸರ್ಕಾರ ಪ್ರತಿಭಟನಾನಿರತ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿ ಕೊಂದಿತ್ತು. ಬೀಮನ್ ಹಾರುವ ಎರಡು ದಿನ ಮೊದಲು ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಪದಕದ ಕಟ್ಟೆಯ ಮೇಲೆ ಕಪ್ಪು ಕೈಗವಸಿನ ಮುಷ್ಟಿ ಎತ್ತಿದ್ದರು. ಅದೇ ವರ್ಷ ಬೀಮನ್ ಮತ್ತು ಅವನ ಸಂಗಾತಿಗಳು, ಕಪ್ಪುಜನರ ಬಗ್ಗೆ ತಾರತಮ್ಯದ ನಿಲುವಿದ್ದ ಚರ್ಚಿನ ವಿಶ್ವವಿದ್ಯಾಲಯ ಬ್ರಿಗಮ್ ಯಂಗ್ ವಿರುದ್ಧ ಸ್ಪರ್ಧಿಸೋದಿಲ್ಲ ಅಂದಿದ್ದರು. ಅದಕ್ಕಾಗಿ ಎಲ್ ಪಾಸೋದ ಟೆಕ್ಸಸ್ ವಿಶ್ವವಿದ್ಯಾಲಯ ಅವರನ್ನು ತಂಡದಿಂದ ಹೊರಹಾಕಿತ್ತು. ಕೋಚ್ ಇಲ್ಲದ ಬೀಮನ್‌ಗೆ ದಾರಿ ತೋರಿಸಿದ್ದು ಎದುರಾಳಿ ಬಾಸ್ಟನ್. ಅರ್ಹತಾ ಸುತ್ತಿನಲ್ಲಿ ಎರಡು ಸಲ ಫೌಲ್ ಮಾಡಿಕೊಂಡಿದ್ದ ಬೀಮನ್‌ಗೆ, ಹಲಗೆಗಿಂತ ಹಿಂದೆಯೇ ನೆಲ ಬಿಡು ಅಂತ ಹೇಳಿಕೊಟ್ಟವನು ಅವನೇ. ಪದಕ ಕೊಡುವಾಗ ಬೀಮನ್ ಪ್ಯಾಂಟ್ ಮಡಚಿ ಕಪ್ಪು ಕಾಲುಚೀಲ ಕಾಣುವ ಹಾಗೆ ನಿಂತ, ಬಾಸ್ಟನ್ ಬರಿಗಾಲಲ್ಲಿ ನಿಂತ.

‘ಅವರಿಗೆ ಅದು ರಕ್ತದಲ್ಲೇ ಬಂದಿದೆ’

ಇಷ್ಟೆಲ್ಲ ಆದಮೇಲೂ ಕಪ್ಪು ಕ್ರೀಡಾಪಟುವಿನ ಜಿಗಿತಕ್ಕೆ ಜಗತ್ತು ಕೊಟ್ಟ ವಿವರಣೆ ಒಂದೇ, ‘ನೈಸರ್ಗಿಕ ಪ್ರತಿಭೆ’. ಬಿಳಿಯ ಆಟಗಾರ ಗೆದ್ದರೆ ಬುದ್ಧಿ, ಶ್ರಮ. ಕಪ್ಪು ಆಟಗಾರ ಗೆದ್ದರೆ ಮೈ. 1992ರ ಹಾಲಿವುಡ್ ಸಿನಿಮಾ ಒಂದರ ಹೆಸರೇ ‘ವೈಟ್ ಮೆನ್ ಕಾಂಟ್ ಜಂಪ್’. ಹೊಗಳಿಕೆಯ ಹಾಗೆ ಕೇಳಿಸುವ ಈ ಮಾತು, ವರ್ಷಗಟ್ಟಲೆಯ ಅಭ್ಯಾಸವನ್ನು ಒಂದೇ ಏಟಿಗೆ ಅಳಿಸಿಹಾಕುತ್ತೆ.

ದೇಹಗಳಲ್ಲಿ ವ್ಯತ್ಯಾಸ ಇಲ್ಲ ಅಂತ ನಾನು ಹೇಳ್ತಿಲ್ಲ. ಕಾಲಿನ ಉದ್ದ, ಸ್ನಾಯುರಜ್ಜುವಿನ ಬಿಗಿ, ಬೇಗ ಸಂಕುಚಿಸುವ ಸ್ನಾಯು ಎಳೆಗಳ ಪ್ರಮಾಣ ಒಬ್ಬರಿಂದ ಒಬ್ಬರಿಗೆ ಬೇರೆಯಾಗುತ್ತೆ, ಅದರಲ್ಲಿ ಹುಟ್ಟಿನ ಪಾಲೂ ಇದೆ. ಆದರೆ ಅದು ವ್ಯಕ್ತಿ ವ್ಯಕ್ತಿಗಳ ನಡುವಿನ ವ್ಯತ್ಯಾಸ. ‘ಆಫ್ರಿಕನ್’ ಅನ್ನೋ ಒಂದು ಪದದೊಳಗೆ ಜಗತ್ತಿನ ಅತಿ ಹೆಚ್ಚು ವಂಶವಾಹಿ ವೈವಿಧ್ಯ ತುಂಬಿಕೊಂಡಿದೆ. ಮೈಬಣ್ಣ ನೋಡಿ ಎಂಟನೇ ಒಂದು ಸೆಕೆಂಡಿನಲ್ಲಿ ಒಬ್ಬ ಹುಡುಗ ಎಷ್ಟು ಮೇಲ್ಮುಖ ವೇಗ ಹುಟ್ಟಿಸಬಲ್ಲ ಅಂತ ಹೇಳೋಕೆ ಬರಲ್ಲ.

ಹಾಗೆ ಹೇಳಬಹುದು ಅಂತ ನಂಬಿದವರು ನಮ್ಮಲ್ಲೂ ಇದ್ದರು. 1987ರಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಯರ ಪೂರ್ವಜರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕದಿಂದ, ಬಹುಮಟ್ಟಿಗೆ ಗುಲಾಮರಾಗಿ, ತರಲಾಗಿತ್ತು. ಆಫ್ರಿಕನ್ ಮೂಲ ಅಂದಮೇಲೆ ಒಲಿಂಪಿಕ್ಸ್ ಪದಕ ರಕ್ತದಲ್ಲೇ ಇರಬೇಕು ಅನ್ನೋದು ಯೋಜನೆಯ ತರ್ಕ. ಆ ಮಕ್ಕಳಲ್ಲಿ ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು ಕೂಡ. ಆದರೆ 1993ರ ಹೊತ್ತಿಗೆ ಸಿದ್ದಿಯರ ಯೋಜನೆ ನಿಂತುಹೋಯ್ತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು, ಹಲವರು ವಾಪಸ್ ಊರಿಗೆ ಬಂದರು. ಅದೇ ಸಮುದಾಯಕ್ಕೆ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಗೋಕೆ 2003ರವರೆಗೆ ಕಾಯಬೇಕಾಯ್ತು. ಅವರ ಕಾಲಿನ ಮೇಲೆ ಕಣ್ಣಿಟ್ಟ ವ್ಯವಸ್ಥೆಗೆ ಅವರ ಜಮೀನು, ಶಾಲೆ, ಊಟ ಅಷ್ಟು ಬೇಗ ಕಾಣಲಿಲ್ಲ.

ನನ್ನ ತಕರಾರು ಆ ಮಕ್ಕಳಿಗೆ ತರಬೇತಿ ಕೊಟ್ಟದ್ದರ ಬಗ್ಗೆ ಅಲ್ಲ. ಅದನ್ನು ಇನ್ನೂ ಮೂವತ್ತು ವರ್ಷ ಕೊಡಬೇಕಿತ್ತು. ರಕ್ತದಲ್ಲೇ ಇದೆ ಅಂದುಕೊಂಡ ಯೋಜನೆಗೆ ಬೇಗ ಪದಕ ಬೇಕಾಗುತ್ತೆ, ಬರದಿದ್ದರೆ ಬೇಗ ಸುಸ್ತೂ ಆಗುತ್ತೆ. ಮೇಲ್ಮುಖ ವೇಗ ಹುಟ್ಟೋದು ನೆಲದ ಮೇಲೆ, ಹಲಗೆಯ ಮೇಲೆ, ಓಟದ ಹಾದಿಯ ಮೇಲೆ. ಮೆಕ್ಸಿಕೋದಲ್ಲಿ ಒಲಿಂಪಿಕ್ಸ್‌ಗೆ ಮೊದಲ ಸಲ ಸಿಂಥೆಟಿಕ್ ಟ್ರ್ಯಾಕ್ ಬಂದಿತ್ತು. ಬೀಮನ್ ಹಾರಿದ ಎರಡು ದಿನಕ್ಕೆ ಅಲ್ಲೇ ಡಿಕ್ ಫಾಸ್ಬರಿ ಬೆನ್ನು ಕೆಳಗೆ ಮಾಡಿ ಎತ್ತರ ಜಿಗಿತದಲ್ಲಿ 2.24 ಮೀಟರ್ ದಾಟಿ ಚಿನ್ನ ಗೆದ್ದ. ಆ ಬಾಗಿದ ಭಂಗಿಯಲ್ಲಿ ಗುರುತ್ವ ಕೇಂದ್ರ ಅಡ್ಡಪಟ್ಟಿಯ ಕೆಳಗಿನಿಂದ ಹೋದರೂ ಮೈ ಮೇಲಿನಿಂದ ದಾಟಬಹುದು. ಚೆಂದದ ಉಪಾಯ. ಆದರೆ ಬೀಳೋಕೆ ದಪ್ಪ ಫೋಮ್ ಹಾಸಿಗೆ ಇಲ್ಲದೆ, ಮರಳಿನ ಗುಂಡಿಯಲ್ಲಿ ಇದನ್ನು ಕಲಿಯೋಕೆ ಹೋದರೆ ಕುತ್ತಿಗೆ ಮುರಿಯುತ್ತೆ. ಹಾಸಿಗೆ ಇಲ್ಲದ ಹೈಸ್ಕೂಲಿನ ಹುಡುಗಿಗೆ ‘ನಿನ್ನಲ್ಲಿ ಪ್ರತಿಭೆ ಇಲ್ಲ’ ಅನ್ನೋಕೆ ಯಾರಿಗೆ ಹಕ್ಕಿದೆ? ಉದ್ದ ಜಿಗಿತದ ಭಾರತೀಯ ದಾಖಲೆ 8.42 ಮೀಟರನ್ನು ತಮಿಳುನಾಡಿನ ಜೆಸ್ವಿನ್ ಆಲ್ಡ್ರಿನ್ 2023ರ ಮಾರ್ಚ್‌ನಲ್ಲಿ ಹಾರಿದ್ದು ನಮ್ಮ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ, ಖಾಸಗಿ ದುಡ್ಡಿನಲ್ಲಿ ಕಟ್ಟಿದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇರುವ ಜಾಗ. ಅಂಥ ಹಾದಿ, ಅಂಥ ಗುಂಡಿ ನಿಮ್ಮ ತಾಲೂಕಿನ ಕ್ರೀಡಾಂಗಣದಲ್ಲಿ ಇದೆಯಾ ಅಂತ ಒಮ್ಮೆ ನೋಡಿಬನ್ನಿ.

ನಿಮ್ಮದನ್ನು ನೀವೇ ಅಳೆಯೋದು ಹೇಗೆ

ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಾಗ್ತಿರುವವರು ಓದುಗರಲ್ಲಿ ಬೇಕಾದಷ್ಟು ಜನ ಇರ್ತೀರಿ, ಅಲ್ಲೂ ಜಿಗಿತ ಇದೆ. ಕೋಚಿಂಗ್‌ಗೆ ದುಡ್ಡಿಲ್ಲದಿದ್ದರೂ ನಿಂತಲ್ಲಿಂದ ಎಷ್ಟು ಹಾರ್ತೀರಿ ಅಂತ ಅಳೆಯೋಕೆ ಮೊಬೈಲ್ ಸಾಕು. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟು, ಫೋನನ್ನು ನೆಲದ ಮಟ್ಟದಲ್ಲಿ ಇರಿಸಿ, ಪಾದದ ವಿಡಿಯೋ ತೆಗೀರಿ. ಬೆರಳು ನೆಲ ಬಿಟ್ಟ ಫ್ರೇಮಿನಿಂದ ಮತ್ತೆ ತಾಗಿದ ಫ್ರೇಮಿನವರೆಗೆ ಎಣಿಸಿ, 240ರಿಂದ ಭಾಗಿಸಿ. ಬಂದ ಸೆಕೆಂಡನ್ನು ಅದರಿಂದಲೇ ಗುಣಿಸಿ, ಮತ್ತೆ 1.23ರಿಂದ ಗುಣಿಸಿದರೆ ಎತ್ತರ ಮೀಟರಿನಲ್ಲಿ ಸಿಗುತ್ತೆ. ಉದಾಹರಣೆಗೆ 144 ಫ್ರೇಮ್ ಅಂದರೆ 0.6 ಸೆಕೆಂಡ್, ಅಂದರೆ 44 ಸೆಂಟಿಮೀಟರ್. ಜಿಮ್‌ಗಳಲ್ಲಿ ಇಡುವ ಜಿಗಿತ ಅಳೆಯುವ ಮ್ಯಾಟ್ ಮಾಡೋದೂ ಇದೇ ಲೆಕ್ಕವನ್ನು.

ಒಂದು ಎಚ್ಚರಿಕೆ. ಇಳಿಯುವಾಗ ಮೊಣಕಾಲು ಮಡಚಿದರೆ ಪಾದ ತಡವಾಗಿ ನೆಲ ಮುಟ್ಟುತ್ತೆ, ಲೆಕ್ಕ ಉಬ್ಬುತ್ತೆ. 40 ಸೆಂಟಿಮೀಟರ್ ಹಾರಿದವರು ಸೊಂಟವನ್ನು ಹತ್ತು ಸೆಂಟಿಮೀಟರ್ ತಗ್ಗಿಸಿ ಇಳಿದರೆ ಮೊಬೈಲ್ 45 ಅಂತ ತೋರಿಸುತ್ತೆ. ಹಾಗಾಗಿ ಹೊರಟಾಗ ಹೇಗಿತ್ತೋ ಹಾಗೇ ಕಾಲು ನೇರ ಇಟ್ಟು ಬೆರಳ ತುದಿಯಲ್ಲಿ ಇಳೀರಿ, ನೆಲ ತಾಗಿದ ಮೇಲೆ ಮೊಣಕಾಲು ಬಗ್ಗಿಸಿ. ಮೂರು ಸಲ ಹಾರಿ ಸರಾಸರಿ ತಗೊಳ್ಳಿ.